ವೈರಲ್ ಜ್ವರದ ಬೆನ್ನಿಗೆ ಬರುವ ನ್ಯುಮೋನಿಯಾ: ಯಾರಿಗೆ ಅಪಾಯ ಹೆಚ್ಚು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಸಂಘದ ಪದಾಧಿಕಾರಿಗಳು ನನ್ನಲ್ಲಿಗೆ ಬಂದು, "ಡಾಕ್ಟರ್ ಸಾಹೇಬರೇ, ಪ್ರತಿ ವರ್ಷ ಶಿಕ್ಷಣದ ಬಗ್ಗೆ ಮಾತನಾಡುವವರನ್ನು ಕರೆಸುತ್ತೇವೆ. ಈ ಸಲ ಆರೋಗ್ಯದ ಬಗ್ಗೆ ನೀವೇ ಮಾತಾಡಬೇಕು" ಎಂದರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಕಡೆಯ ಕುಟುಂಬಗಳು ಒಂದೇ ಕಡೆ ಸೇರುವ ದಿನ ಇದು. ಆದ್ದರಿಂದ ಎಲ್ಲರ ಮನೆಗೂ ಬರುವ ಕಾಯಿಲೆಯ ಬಗ್ಗೆಯೇ ಮಾತನಾಡಬೇಕೆಂದು ನಿರ್ಧರಿಸಿದೆ. ಆ ಕಾಯಿಲೆ ನ್ಯುಮೋನಿಯಾ. ಅದರಲ್ಲೂ ವೈರಲ್ ಜ್ವರವೆಂದು ಆಸ್ಪತ್ರೆಗೆ ಸೇರಿದ ರೋಗಿಗೆ ಬರುವ ನ್ಯುಮೋನಿಯಾ.

ಮೊದಲು ನನ್ನ ಮನೆಯ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ದೊಡ್ಡಪ್ಪನವರನ್ನು ನಾವೆಲ್ಲ ಬಡೇ ಅಬ್ಬಾ ಎಂದು ಕರೆಯುತ್ತಿದ್ದೆವು. ಅವರು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಬೀಡಿಯ ಅಭ್ಯಾಸವಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಒಂದು ಚಳಿಗಾಲದಲ್ಲಿ ಅವರಿಗೆ ನೆಗಡಿ, ಮೈಕೈ ನೋವು, ಜ್ವರ ಬಂತು. ನಾಲ್ಕನೆಯ ದಿನ ಜ್ವರ ಇಳಿಯಿತು. ಸ್ನಾನ ಮಾಡಿ, ನಮಾಜಿಗೆ ನಡೆದುಕೊಂಡು ಹೋಗಿ ಬಂದರು. ಆರನೆಯ ದಿನ ಮತ್ತೆ ಚಳಿ ಬಂದು ಜ್ವರ ಏರಿತು, ಕೆಮ್ಮಿದರೆ ಪಕ್ಕೆಯಲ್ಲಿ ಚುಚ್ಚತೊಡಗಿತು. ಮನೆಯವರು "ನಿಶ್ಶಕ್ತಿ" ಎಂದರು. ಎರಡು ದಿನ ಸಲಾಯಿನ್ ಬಾಟಲಿ ಹಚ್ಚಿಸಿದರು. ಉಸಿರು ಸಾಲದಾದಾಗ ದೊಡ್ಡ ಆಸ್ಪತ್ರೆಗೆ ಒಯ್ದರು.

ಅಲ್ಲಿ ಅವರು ಚೇತರಿಸಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಸಂಜೆ ಅವರು ಇನ್ನೂ ಮಂಪರಿನಲ್ಲಿದ್ದಾಗ, "ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ" ಎಂಬ ಮರುಕದಿಂದ ನಾವು ಅವರನ್ನು ಅಂಗಾತ ಮಲಗಿಸಿಯೇ ಗಂಜಿ ಕುಡಿಸಿದೆವು. ಅವರು ಜೋರಾಗಿ ಕೆಮ್ಮಿದರು. ಎರಡು ದಿನಗಳಲ್ಲಿ ಮತ್ತೊಂದು ನ್ಯುಮೋನಿಯಾ ಬಂತು. ಅದರಿಂದ ಅವರು ಏಳಲಿಲ್ಲ. ಆಗ ನಾನು ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿದ್ದೆ. ಗಂಜಿಯ ಬಟ್ಟಲನ್ನು ಹಿಡಿದು ನಿಂತಿದ್ದವನು ನಾನೇ. ಇಂದು ನಾನು ಹೇಳುವುದರಲ್ಲಿ ಬಹುಪಾಲು ಆ ದಿನ ನನಗೆ ಗೊತ್ತಿರಬೇಕಾಗಿದ್ದ ವಿಷಯ.

ನ್ಯುಮೋನಿಯಾ ಎಂದರೇನು?

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ಉಸಿರಾಡಿದ ಗಾಳಿಯ ಆಮ್ಲಜನಕ ಇವುಗಳ ಮೂಲಕವೇ ರಕ್ತಕ್ಕೆ ಸೇರುತ್ತದೆ. ಸೋಂಕಿನಿಂದ ಈ ಚೀಲಗಳಲ್ಲಿ ಕೀವು, ನೀರು ತುಂಬಿದರೆ ಅದೇ ನ್ಯುಮೋನಿಯಾ. ಚೀಲ ತುಂಬಿದಷ್ಟೂ ಆಮ್ಲಜನಕಕ್ಕೆ ದಾರಿ ಇಲ್ಲದಂತಾಗುತ್ತದೆ.

ವೈರಸ್ ರೋಗಿಗೆ ಇದು ಮೂರು ದಾರಿಗಳಲ್ಲಿ ಬರುತ್ತದೆ. ಒಂದು, ವೈರಸ್ ತಾನೇ ಶ್ವಾಸಕೋಶಕ್ಕೆ ಇಳಿಯುವುದು. ಕೋವಿಡ್‌ನಲ್ಲಿ ನಾವು ಹೆಚ್ಚಾಗಿ ಕಂಡದ್ದು ಇದನ್ನು. ಎರಡು, ವೈರಸ್ ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾ ಒಳನುಗ್ಗುವುದು. ಗಂಟಲಿನಿಂದ ಶ್ವಾಸಕೋಶದವರೆಗಿನ ಕೊಳವೆಗಳ ಒಳಮೈಯಲ್ಲಿ ಸೂಕ್ಷ್ಮ ರೋಮಗಳಿರುತ್ತವೆ. ಧೂಳು, ಕಫ, ರೋಗಾಣುಗಳನ್ನು ಮೇಲಕ್ಕೆ ಗುಡಿಸಿ ಹೊರಹಾಕುವುದು ಅವುಗಳ ಕೆಲಸ. ಫ್ಲೂ ವೈರಸ್ ಈ ಒಳಮೈಯನ್ನೇ ಹಾಳು ಮಾಡುತ್ತದೆ. ಆಗ ಮೂಗು, ಗಂಟಲಿನಲ್ಲಿ ತೆಪ್ಪಗೆ ಕುಳಿತಿದ್ದ ನ್ಯುಮೋಕಾಕಸ್, ಸ್ಟ್ಯಾಫಿಲೋಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಕೆಳಕ್ಕೆ ಇಳಿಯುತ್ತವೆ. ಜ್ವರ ಇಳಿದು ಎರಡು ಮೂರು ದಿನಗಳಲ್ಲಿ ಮತ್ತೆ ಏರಿದರೆ ಇದನ್ನೇ ಮೊದಲು ಸಂಶಯಿಸಬೇಕು. ಮೂರು, ಆಸ್ಪತ್ರೆಯಲ್ಲಿಯೇ ಅಂಟುವುದು. ರೋಗಿ ದಾಖಲಾಗಿ 48 ಗಂಟೆಗಳ ನಂತರ ಹೊಸದಾಗಿ ನ್ಯುಮೋನಿಯಾ ಕಾಣಿಸಿಕೊಂಡರೆ ವೈದ್ಯರು ಅದನ್ನು ಆಸ್ಪತ್ರೆಯಲ್ಲಿ ಬಂದ ನ್ಯುಮೋನಿಯಾ ಎಂದು ಲೆಕ್ಕ ಹಾಕುತ್ತಾರೆ.

ಇತಿಹಾಸ ಹೇಳುವುದೇನು?

1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು. ಅಂದು ಆಂಟಿಬಯಾಟಿಕ್ ಎಂಬುದೇ ಇರಲಿಲ್ಲ. ಆ ಕಾಲದಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದಲ್ಲಿ ಕಾಪಾಡಿಟ್ಟಿದ್ದರು. 2008ರಲ್ಲಿ ಅಲ್ಲಿಯ ವಿಜ್ಞಾನಿಗಳು ಅವುಗಳನ್ನು ಮತ್ತೆ ಪರೀಕ್ಷಿಸಿ, ಹೆಚ್ಚಿನವರ ಸಾವಿಗೆ ಫ್ಲೂ ಜೊತೆಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾವೇ ಕಾರಣವಾಗಿತ್ತೆಂದು ಹೇಳಿದರು.

2009ರಲ್ಲಿ ಎಚ್1ಎನ್1 ಬಂದಾಗ ಗರ್ಭಿಣಿಯರು, ಬೊಜ್ಜಿನ ಮೈಯವರು, ದಮ್ಮಿನ ರೋಗಿಗಳು ಹೆಚ್ಚು ನರಳಿದರು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ನೆರೆಯ ಕಲಬುರಗಿಯವರೊಬ್ಬರದು. ಅವರ ವಯಸ್ಸು 76. ವೈರಸ್‌ಗಳು ಬೇರೆ ಬೇರೆಯಾದರೂ, ಅವು ಹೆಚ್ಚು ಕಾಡಿದವರ ಪಟ್ಟಿ ಮಾತ್ರ ಬಹಳ ಮಟ್ಟಿಗೆ ಒಂದೇ. ಆ ಪಟ್ಟಿಯನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ.

ರೋಗಿ ಮನೆಯಿಂದಲೇ ತರುವ ಅಪಾಯಗಳು

ಮೊದಲನೆಯದು ವಯಸ್ಸು. 65 ದಾಟಿದವರು ಮತ್ತು 5 ವರ್ಷದೊಳಗಿನ ಮಕ್ಕಳು, ಅದರಲ್ಲೂ 2 ವರ್ಷದೊಳಗಿನವರು. ಮುದುಕರಲ್ಲಿ ಇನ್ನೊಂದು ತೊಡಕಿದೆ. ಅವರಿಗೆ ನ್ಯುಮೋನಿಯಾ ಬಂದರೂ ಜ್ವರ ಕಾಣದೇ ಇರಬಹುದು. ಊಟ ಬಿಡುವುದು, ಏನೇನೋ ಮಾತಾಡುವುದು, ಸುಮ್ಮನೆ ಮಲಗಿಬಿಡುವುದು ಇಷ್ಟೇ ಲಕ್ಷಣ. "ವಯಸ್ಸಾಯಿತು, ಅರಳು ಮರಳು" ಎಂದು ನಾವು ಸುಮ್ಮನಾಗುತ್ತೇವೆ.

ಎರಡನೆಯದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಜ್ವರ ಬಂದಾಗ ಸಕ್ಕರೆ ಇನ್ನಷ್ಟು ಏರುತ್ತದೆ. "ಊಟವೇ ಇಲ್ಲ, ಗುಳಿಗೆ ಯಾಕೆ" ಎಂದು ಅದೇ ಸಮಯದಲ್ಲಿ ಔಷಧ ಬಿಡುವವರನ್ನು ನಾನು ಬಹಳ ನೋಡಿದ್ದೇನೆ. ವೈದ್ಯರನ್ನು ಕೇಳದೆ ಹಾಗೆ ಬಿಡಬಾರದು.

ಮೂರನೆಯದು ಮೊದಲೇ ದುರ್ಬಲವಾದ ಶ್ವಾಸಕೋಶ. ಇದು ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ನಾಡಾಯಿತು. ಭತ್ತದ ಹಿಂದೆ ಗಿರಣಿಗಳು ಬಂದವು, ಗಿರಣಿಯ ಹಿಂದೆ ತೌಡು ಮತ್ತು ಹೊಟ್ಟಿನ ಧೂಳು ಬಂತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಚಿನ್ನದ ಅದಿರಿನ ಕಲ್ಲನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಒಳಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ಅಂಥವರಿಗೆ ಕ್ಷಯವೂ ಬೇಗ ತಗಲುತ್ತದೆ. ಕಲ್ಲು ಒಡೆಯುವವರಿಗೂ ಇದೇ ಅಪಾಯ. ಮನೆಯೊಳಗೆ ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮುಂದೆ ಕೂರುವ ತಾಯಂದಿರು ಬೀಡಿ ಸೇದದಿದ್ದರೂ ಅವರ ಶ್ವಾಸಕೋಶ ಹೊಗೆ ಕುಡಿದಿರುತ್ತದೆ. ಗ್ಯಾಸ್ ಸಿಲಿಂಡರ್ ಮೂಲೆಯಲ್ಲಿದ್ದರೂ ಖರ್ಚಿಗೆ ಅಂಜಿ ಒಲೆ ಹಚ್ಚುವ ಮನೆಗಳು ಇನ್ನೂ ಇವೆ. ಆಸ್ತಮಾ ಇದ್ದವರು, ಹಿಂದೆ ಕ್ಷಯ ಬಂದು ವಾಸಿಯಾದವರು ಇದೇ ಸಾಲಿಗೆ ಸೇರುತ್ತಾರೆ.

ನಾಲ್ಕನೆಯದು ಬೀಡಿ, ಸಿಗರೇಟು ಮತ್ತು ಮದ್ಯ. ನಾನು ಹೇಳಿದ ಆ ಗುಡಿಸುವ ರೋಮಗಳನ್ನು ಬೀಡಿಯ ಹೊಗೆ ಮೊದಲೇ ನಿಷ್ಕ್ರಿಯ ಮಾಡಿರುತ್ತದೆ. ಮದ್ಯ ಸೇವಿಸಿದವನಿಗೆ ಎಚ್ಚರ ತಪ್ಪಿ, ವಾಂತಿ ಶ್ವಾಸನಾಳಕ್ಕೆ ಇಳಿಯುವ ಭಯವೂ ಇದೆ.

ಐದನೆಯದು ಹೃದಯ, ಮೂತ್ರಪಿಂಡ, ಯಕೃತ್ತಿನ ಹಳೆಯ ಕಾಯಿಲೆಗಳು, ಎಚ್.ಐ.ವಿ., ಕ್ಯಾನ್ಸರ್ ಚಿಕಿತ್ಸೆ. ಲಕ್ವ ಹೊಡೆದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನೀರು, ಅನ್ನ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ.

ಆರನೆಯದು ಗರ್ಭಿಣಿಯರು. ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆ, ಆಮ್ಲಜನಕದ ಅಗತ್ಯ ಹೆಚ್ಚು. ಗರ್ಭಿಣಿಗೆ ಜ್ವರ, ಕೆಮ್ಮು ಬಂದರೆ "ಈಗ ಔಷಧ ಬೇಡ" ಎಂದು ಮನೆಯಲ್ಲಿ ಕೂರಿಸಬೇಡಿರಿ.

ಏಳನೆಯದು ಅಪೌಷ್ಟಿಕತೆ. ರಾಯಚೂರು ಜಿಲ್ಲೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಹೆಸರು ಚೆನ್ನಾಗಿದೆ, ಅರ್ಥ ಮಾತ್ರ ನಾವು ಹಿಂದುಳಿದಿದ್ದೇವೆ ಎಂಬುದು. ತೂಕ ಕಡಿಮೆಯಿರುವ ಮಗುವಿಗೆ ಕೆಮ್ಮುವ ಶಕ್ತಿಯೂ ಕಡಿಮೆ, ರೋಗ ತಡೆಯುವ ಶಕ್ತಿಯೂ ಕಡಿಮೆ. ಅಂಥ ಮಗುವಿಗೆ ದಡಾರ, ಅಂದರೆ ನಮ್ಮ ಕಡೆ ಗೊಬ್ಬರ ಎನ್ನುವ ಕಾಯಿಲೆ ಬಂದರೆ, ಹಿಂದೆಯೇ ನ್ಯುಮೋನಿಯಾ ಬರುವ ಸಂಭವ ಬಹಳ. ದಡಾರದ ವೈರಸ್ ದೇಹವು ಹಿಂದೆ ಕಲಿತ ರೋಗನಿರೋಧಕ ನೆನಪನ್ನೇ ಅಳಿಸುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಗುಳ್ಳೆ ಮಾಯವಾದ ಮೇಲೂ ಎಷ್ಟೋ ತಿಂಗಳು ಆ ಮಗುವಿಗೆ ಬೇರೆ ಸೋಂಕುಗಳ ಭಯವಿರುತ್ತದೆ.

ತಡ ಮತ್ತು ತಪ್ಪು ಔಷಧ

ಇಲ್ಲಿಂದ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಸುಮಾರು 90 ಕಿ.ಮೀ. ದೂರ. ರಾತ್ರಿ ಹೊತ್ತು ಆ ದೂರ ಎಷ್ಟಾಗುತ್ತದೆಂದು ತಮಗೆ ಗೊತ್ತು. ಆದ್ದರಿಂದ ದೊಡ್ಡ ನಗರದವರು ಒಂದು ದಿನ ಕಾಯಬಹುದಾದರೆ ನಾವು ಅರ್ಧ ದಿನವೂ ಕಾಯಬಾರದು.

ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿದರೆ ದುರ್ಬಲ ಬ್ಯಾಕ್ಟೀರಿಯಾ ಸತ್ತು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿಯುತ್ತದೆ. ಮುಂದೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಔಷಧ ಕೆಲಸ ಮಾಡುವುದಿಲ್ಲ.

ಇನ್ನೊಂದು ಸ್ಟೆರಾಯ್ಡ್. ಪದವಿಯಿಲ್ಲದೆ ವೈದ್ಯ ಮಾಡುವವರು ಕೊಡುವ ಕೆಲವು ಸೂಜಿಗಳಿಂದ ಜ್ವರ ತಕ್ಷಣ ಇಳಿದು, ಮೈ ಹಗುರವೆನಿಸುತ್ತದೆ. ಅದು ಸ್ಟೆರಾಯ್ಡ್ ಆಗಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಸ್ಟೆರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿತೆಂದು ತೋರಿಸಿತು. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. 2021ರಲ್ಲಿ ಸಕ್ಕರೆ ಕಾಯಿಲೆಯವರು ಸ್ಟೆರಾಯ್ಡನ್ನು ಅತಿಯಾಗಿ ಬಳಸಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಬಲ್ಲವರೇ ಹೇಳಬೇಕು.

ಉಸಿರು ಎಳೆಯುವ ಮಗುವಿನ ಹೊಟ್ಟೆಗೆ ಬರೆ ಹಾಕುವುದು ಈಗ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಬರೆಯಿಂದ ಶ್ವಾಸಕೋಶದ ಕೀವು ಹೋಗುವುದಿಲ್ಲ. ಮಗು ನೋವಿನಿಂದ ಆಳವಾಗಿ ಉಸಿರಾಡಲೂ ಆಗದೆ ಇನ್ನಷ್ಟು ಸೋಲುತ್ತದೆ.

ವಾರ್ಡಿನಲ್ಲಿ ನಾವು ತರುವ ಅಪಾಯಗಳು

ಆಸ್ಪತ್ರೆಗೆ ಸೇರಿಸಿದೊಡನೆ ಹೊಣೆ ಮುಗಿಯಿತೆಂದು ತಿಳಿಯಬಾರದು. ವೆಂಟಿಲೇಟರ್‌ನ ಕೊಳವೆ, ಮೂಗಿನ ನಳಿಕೆ, ಮಂಪರು ತರುವ ಔಷಧ, ಬಹಳ ದಿನ ಅಲುಗಾಡದೆ ಮಲಗುವುದು ಇವೆಲ್ಲ ಹೊಸ ನ್ಯುಮೋನಿಯಾಕ್ಕೆ ದಾರಿ. ಇವುಗಳಲ್ಲಿ ಕೆಲವು ಅನಿವಾರ್ಯ. ಆದರೆ ಮನೆಯವರ ಕೈಯಲ್ಲಿರುವುದು ಬಹಳಷ್ಟಿದೆ.

ಮಂಪರಿನಲ್ಲಿರುವ ರೋಗಿಯ ಬಾಯಿಗೆ ಏನನ್ನೂ ಹಾಕಬೇಡಿರಿ. ಗಂಜಿ, ಹಾಲು, ಎಳನೀರು ಯಾವುದೂ ಬೇಡ. ಝಮ್‌ಝಮ್ ನೀರನ್ನೋ ಗಂಗಾಜಲವನ್ನೋ ಶ್ರದ್ಧೆಯಿಂದ ತಂದಿರುತ್ತೀರಿ. ಆ ಶ್ರದ್ಧೆಗೆ ನನ್ನ ಗೌರವವಿದೆ. ರೋಗಿಗೆ ಪೂರ್ತಿ ಎಚ್ಚರ ಬಂದು, ಎದ್ದು ಕೂತು, ನುಂಗಬಲ್ಲರೆಂದು ವೈದ್ಯರು ಹೇಳಿದ ಮೇಲೆ ಕೊಡಿರಿ. ಅಲ್ಲಿಯವರೆಗೆ ತುಟಿಗೆ ಒದ್ದೆ ಬಟ್ಟೆ ಒತ್ತಿದರೆ ಸಾಕು.

ವೈದ್ಯರು ಬೇಡವೆನ್ನದಿದ್ದರೆ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತಿರಲಿ. ಊಟದ ನಂತರವೂ ಅರ್ಧ ಗಂಟೆ ಹಾಗೆಯೇ ಇರಲಿ. ನಳಿಕೆಯಿಂದ ಆಹಾರ ಕೊಡುವಾಗಲೂ ಇದೇ ನಿಯಮ.

ರೋಗಿಯ ಬಾಯಿ, ಹಲ್ಲು ದಿನಕ್ಕೆರಡು ಸಲ ಸ್ವಚ್ಛವಾಗಲಿ. ಬಾಯಿಯ ಬ್ಯಾಕ್ಟೀರಿಯಾವೇ ಶ್ವಾಸಕೋಶಕ್ಕೆ ಇಳಿಯುವುದು. ಬ್ರಷ್ ಆದರೂ ಸರಿ, ಮಿಸ್ವಾಕ್ ಆದರೂ ಸರಿ.

ವೈದ್ಯರು ಒಪ್ಪಿದ ದಿನದಿಂದ ರೋಗಿಯನ್ನು ಕೂರಿಸಿರಿ, ನಡೆಸಿರಿ, ಆಳವಾಗಿ ಉಸಿರಾಡಿಸಿರಿ. "ಪಾಪ, ಮಲಗಲಿ ಬಿಡಿ" ಎನ್ನುವ ಕರುಣೆ ಇಲ್ಲಿ ಕೆಡುಕು ಮಾಡುತ್ತದೆ.

"ಇನ್ನೊಂದು ಬಾಟಲಿ ಹಚ್ಚಿರಿ" ಎಂದು ಒತ್ತಾಯಿಸಬೇಡಿರಿ. ಹೃದಯ, ಮೂತ್ರಪಿಂಡ ದುರ್ಬಲವಿರುವವರಿಗೆ ಹೆಚ್ಚಾದ ಸಲಾಯಿನ್ ನೀರು ಶ್ವಾಸಕೋಶಕ್ಕೇ ಬಂದು ನಿಲ್ಲುತ್ತದೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಇಯಾದತ್ ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಂಚದ ಸುತ್ತ ಹದಿನೈದು ಜನ, ಅವರಲ್ಲಿ ನಾಲ್ವರಿಗೆ ನೆಗಡಿ, ಕಂಕುಳಲ್ಲಿ ಹಸುಗೂಸು ಎಂದರೆ ರೋಗಿಗೂ ಕೂಸಿಗೂ ಅಪಾಯ. ಒಬ್ಬಿಬ್ಬರು ಹೋಗಿರಿ, ಕೈ ತೊಳೆದು ಒಳಗೆ ಹೋಗಿರಿ, ಮಂಚದ ಮೇಲೆ ಕೂರಬೇಡಿರಿ, ಕೆಮ್ಮಿದ್ದರೆ ಬಾಗಿಲಲ್ಲೇ ದುವಾ ಮಾಡಿ ಬನ್ನಿರಿ.

ತಡೆಯುವ ದಾರಿ

ಮಕ್ಕಳಿಗೆ ಲಸಿಕೆಯೇ ದೊಡ್ಡ ರಕ್ಷಣೆ. ನ್ಯುಮೋಕಾಕಸ್ ಲಸಿಕೆಯನ್ನು 2021ರಲ್ಲಿ ದೇಶದಾದ್ಯಂತ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸಲಾಯಿತು. 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಹಾಕುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳಿಗೊಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಕೊಡುತ್ತಾರೆ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗೆ ಹೆದರಿ ಕೆಲವು ಪೋಷಕರು ಹಿಂಜರಿದರು. ಲಸಿಕೆಯಿಂದ ಸಂತಾನ ನಿಲ್ಲುತ್ತದೆಂಬ ಮಾತಿನಲ್ಲಿ ಎಳ್ಳಷ್ಟೂ ಸತ್ಯವಿಲ್ಲ. ನನ್ನ ಮಕ್ಕಳಿಗೂ ಅದೇ ಲಸಿಕೆ ಹಾಕಿಸಿದ್ದೇನೆ. ಇಲ್ಲಿರುವ ಶಿಕ್ಷಕರು ಇದನ್ನು ಪಾಲಕರ ಸಭೆಯಲ್ಲಿ ಹೇಳಬೇಕು.

ಹಿರಿಯರು, ಸಕ್ಕರೆ, ಹೃದಯ, ಶ್ವಾಸಕೋಶದ ಕಾಯಿಲೆಯವರು ಮತ್ತು ಗರ್ಭಿಣಿಯರು ಪ್ರತಿ ವರ್ಷ ಫ್ಲೂ ಲಸಿಕೆ ಬಗ್ಗೆ ತಮ್ಮ ವೈದ್ಯರನ್ನು ಕೇಳಿರಿ. ಹಿರಿಯರಿಗೆ ನ್ಯುಮೋಕಾಕಸ್ ಲಸಿಕೆಯೂ ಇದೆ. ಹಜ್‌ಗೆ ಹೊರಟವರಂತೂ ಮರೆಯಬಾರದು. ಹಜ್ ಸಮಯದಲ್ಲಿ ಯಾತ್ರಿಕರು ಆಸ್ಪತ್ರೆ ಸೇರುವ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದು ಎಂದು ಹಲವು ಅಧ್ಯಯನಗಳು ತಿಳಿಸಿವೆ.

ಇನ್ನು ಉಸಿರು ಎಣಿಸುವುದನ್ನು ಕಲಿಯಿರಿ. ವಿದ್ಯಾರ್ಥಿಗಳೇ, ಇದು ನಿಮ್ಮ ಕೆಲಸ. ಮಗು ಅಳದೆ ಸುಮ್ಮನಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಆಸ್ಪತ್ರೆಗೆ ಹೋಗಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮೊಲೆ ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಎಣಿಸುತ್ತಲೂ ಕೂರಬೇಡಿರಿ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 30 ತಲುಪಿದರೆ ತೀವ್ರ ಸ್ಥಿತಿ. ಬೆರಳಿಗೆ ಹಚ್ಚುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೂ 108ಕ್ಕೆ ಕರೆ ಮಾಡಿರಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಸೆಲ್ ಬದಲಿಸಿ ಇಟ್ಟುಕೊಳ್ಳಿರಿ.

ಬಂಧುಗಳೇ, ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಪತ್ತೆಯಾದದ್ದು ತಮಗೆಲ್ಲ ಗೊತ್ತಿದೆ. ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿರಿ, ಸಾಮಾನ್ಯನಿಗೂ ಸಾಧ್ಯ ಎಂಬುದು ಅದರ ಆಶಯ. ನ್ಯುಮೋನಿಯಾದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ವೆಂಟಿಲೇಟರ್ ನಮ್ಮ ಕೈಯಲ್ಲಿಲ್ಲ. ಕೈ ತೊಳೆಯುವುದು, ತಲೆದಿಂಬು ಎತ್ತರಿಸುವುದು, ಉಸಿರು ಎಣಿಸುವುದು, ಲಸಿಕೆ ಹಾಕಿಸುವುದು ನಮ್ಮ ಕೈಯಲ್ಲಿದೆ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲಿ ನಾನು ಹೇಳಿದ ಪಟ್ಟಿಗೆ ಸೇರುವವರು ಯಾರು ಯಾರು ಇದ್ದಾರೆ, ಅವರು ನುಂಗುವ ಗುಳಿಗೆಗಳು ಯಾವುವು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಆಸ್ಪತ್ರೆಗೆ ಹೋಗುವಾಗ ಆ ಕಾಗದವನ್ನು ವೈದ್ಯರ ಕೈಗೆ ಕೊಡಿರಿ. ಅರ್ಧರಾತ್ರಿ ರೋಗಿಯನ್ನು ನೋಡುವ ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಬಡೇ ಅಬ್ಬಾ ಅವರ ಮಾತಿನಿಂದ ಆರಂಭಿಸಿದೆ. ನಮ್ಮ ಮನೆಯಲ್ಲಿ ಈಗ ರೋಗಿಗೆ ಗಂಜಿ ಕೊಡುವ ಮೊದಲು ನನ್ನ ದೊಡ್ಡಮ್ಮನವರೇ ಕೇಳುತ್ತಾರೆ: "ಎಚ್ಚರ ಇದೆಯಾ? ಎದ್ದು ಕೂತಿದ್ದಾರಾ?" ಈ ಎರಡು ಪ್ರಶ್ನೆಗಳನ್ನು ತಾವೂ ನೆನಪಿಟ್ಟುಕೊಂಡರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.